ಒಂದು ನಾಣ್ಯ, ಐದು ಸೀಸನ್

ನಿನಗೆ ಇಷ್ಟವಾದ ನಟ ಯಾರು ಎಂದು ಕೇಳಿದರೆ ನಾನು ಒಂದೇ ಹೆಸರು ಹೇಳಿ ಸುಮ್ಮನಾಗುವವಳಲ್ಲ. ಟರ್ಕಿಯ ಎಂಗಿನ್ ಆಲ್ತಾನ್, ಹಳೆಯ ಕಾಲದ ದಿಲೀಪ್ ಕುಮಾರ್, ನಮ್ಮ ಡಾ. ರಾಜ್‌ಕುಮಾರ್, ಮೂವರೂ ಬೇಕು. ಮೂವರನ್ನೂ ನಾನು ಮೆಚ್ಚಿದ್ದು ರಾಜ, ಯುವರಾಜ, ಯೋಧರ ವೇಷದಲ್ಲಿ. ಕತ್ತಿ, ಕುದುರೆ, ಕೋಟೆ, ಜೊತೆಗೊಂದು ಒಳ್ಳೆಯ ಸಂಗೀತ ಇದ್ದರೆ ಸಾಕು, ತಟ್ಟೆಯಲ್ಲಿನ ಅನ್ನ ಆರಿಹೋದರೂ ನನಗೆ ಗೊತ್ತಾಗುವುದಿಲ್ಲ. ಪಿಯುಸಿಯಲ್ಲಿ ಇತಿಹಾಸ ಆರಿಸಿಕೊಂಡದ್ದಕ್ಕೂ ಈ ಹುಚ್ಚೇ ಅರ್ಧ ಕಾರಣ. ಈಗ ಅದೇ ಇತಿಹಾಸದ ಪಾಠ ನನ್ನ ಹೀರೋಗಳ ಬಗ್ಗೆ ನನ್ನನ್ನೇ ಪ್ರಶ್ನೆ ಕೇಳುತ್ತಿದೆ.

ಮೊದಲು ಎರ್ತುಗ್ರುಲ್ ವಿಷಯ. 2020ರ ಲಾಕ್‌ಡೌನ್ ರಂಜಾನ್ ನಿಮಗೆಲ್ಲ ನೆನಪಿರಬಹುದು. ನಮ್ಮ ಮನೆಯಲ್ಲಿ ತರಾವೀಹ್ ಮುಗಿದ ಮೇಲೆ ಎಲ್ಲರೂ ಒಂದು ಮೊಬೈಲಿನ ಸುತ್ತ ಕುಳಿತು ಉರ್ದು ಡಬ್ಬಿಂಗ್‌ನಲ್ಲಿ ಆ ಧಾರಾವಾಹಿ ನೋಡುತ್ತಿದ್ದೆವು. ಶೀರ್ಷಿಕೆ ಸಂಗೀತ ಶುರುವಾದರೆ ತಮ್ಮ ದಿಂಬಿನ ಮೇಲೆ ಕುದುರೆ ಸವಾರಿ ಮಾಡುತ್ತಿದ್ದ. ಟರ್ಕಿಯ ಸರ್ಕಾರಿ ವಾಹಿನಿಯಲ್ಲಿ 2014ರಿಂದ 2019ರವರೆಗೆ ಐದು ಸೀಸನ್ ಬಂದ ಕಥೆ ಅದು. ಇಷ್ಟು ದೊಡ್ಡ ಕಥೆಗೆ ಆಧಾರ ಏನಿರಬಹುದು ಎಂಬ ಕುತೂಹಲದಿಂದ ಓದಲು ಕುಳಿತೆ. ಎರ್ತುಗ್ರುಲ್ ಇದ್ದದ್ದು ನಿಜ ಎನ್ನುವುದಕ್ಕೆ ಇತಿಹಾಸಕಾರರು ತೋರಿಸುವ ಮುಖ್ಯ ಸಾಕ್ಷಿ ಅವನ ಮಗ ಉಸ್ಮಾನ್ ಹೊರಡಿಸಿದ ನಾಣ್ಯ. ಅದರಲ್ಲಿ ‘ಎರ್ತುಗ್ರುಲ್‌ನ ಮಗ ಉಸ್ಮಾನ್’ ಎಂದಿದೆ. ಉಳಿದ ಕಥೆಗಳನ್ನು ಉಸ್ಮಾನಿಯಾ ಬರಹಗಾರರು ಬರೆದದ್ದು ಅವನು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಒಂದು ಸಣ್ಣ ನಾಣ್ಯದಿಂದ ಐದು ಸೀಸನ್!

ಇನ್ನು ದಿಲೀಪ್ ಕುಮಾರ್. ಅವರು ನನ್ನ ನಾನಿಮಾ ಅವರ ಹೀರೋ. ‘ಮುಘಲ್-ಎ-ಆಝಂ’ ಬಿಡುಗಡೆಯಾದದ್ದು 1960ರಲ್ಲಿ. ನಾನಿಮಾ ಅದನ್ನು ಕೆಲವು ವರ್ಷಗಳ ನಂತರ ಟೆಂಟ್ ಸಿನಿಮಾದಲ್ಲಿ ನೋಡಿದರಂತೆ. ಇವತ್ತಿಗೂ ಅವರಿಗೆ ಅಕ್ಬರ್ ಎಂದರೆ ಪೃಥ್ವಿರಾಜ್ ಕಪೂರ್, ಸಲೀಂ ಎಂದರೆ ದಿಲೀಪ್ ಸಾಹೇಬರು. ಅವರ ಪಕ್ಕ ಕುಳಿತು ನಾನೂ ಆ ಚಿತ್ರ ನೋಡಿದ್ದೇನೆ. ಕಪ್ಪು-ಬಿಳುಪು ಚಿತ್ರದ ನಡುವೆ ಶೀಶ್ ಮಹಲಿನ ಹಾಡು ಬಣ್ಣದಲ್ಲಿ ಬಂದಾಗ, ನೂರಾರು ಕನ್ನಡಿಗಳಲ್ಲಿ ಮಧುಬಾಲಾ ತಿರುಗಿದಾಗ, ನನಗೂ ಮೈ ಜುಮ್ಮೆಂದಿತು. ಸಂಗೀತ ನೌಷಾದ್ ಅವರದು. ಸಿನಿಮಾಕ್ಕೆ ಹಾಡಲು ಮನಸ್ಸಿಲ್ಲದ ಉಸ್ತಾದ್ ಬಡೇ ಗುಲಾಂ ಅಲಿ ಖಾನ್ ಅವರಿಗೆ ಒಂದು ಹಾಡಿಗೆ 25,000 ರೂಪಾಯಿ ಕೊಟ್ಟು ಹಾಡಿಸಿದರು. ಹೆಸರಾಂತ ಗಾಯಕರಿಗೂ ಕೆಲವು ನೂರು ರೂಪಾಯಿ ಸಿಗುತ್ತಿದ್ದ ಕಾಲ ಅದು. ಹೃದಯದ ಕಾಯಿಲೆಯಿದ್ದ ಮಧುಬಾಲಾ ಸೆರೆಮನೆಯ ದೃಶ್ಯಗಳಲ್ಲಿ ಭಾರವಾದ ನಿಜವಾದ ಸರಪಳಿ ಹೊತ್ತು ನಟಿಸಿದರು. 1969ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ.

ಆದರೆ ಪುಸ್ತಕ ತೆರೆದರೆ? ಅಬುಲ್ ಫಜಲ್ ಬರೆದ ‘ಅಕ್ಬರ್‌ನಾಮಾ’ದಲ್ಲಿ ಅನಾರ್ಕಲಿ ಇಲ್ಲ. ಜಹಾಂಗೀರ್ ಅಂದರೆ ಅದೇ ಸಲೀಂ ಬರೆದ ಆತ್ಮಕಥೆಯಲ್ಲೂ ಇಲ್ಲ. ಸಲೀಂ ತಂದೆಯ ವಿರುದ್ಧ ಬಂಡೆದ್ದದ್ದು ನಿಜ; ಅದು ಸಿಂಹಾಸನಕ್ಕಾಗಿ. ಅಲಹಾಬಾದಿನಲ್ಲಿ ತನ್ನದೇ ದರ್ಬಾರು ನಡೆಸಿದ. 1602ರಲ್ಲಿ ಅಬುಲ್ ಫಜಲ್‌ನನ್ನು ಕೊಲ್ಲಿಸಿದ, ಅದನ್ನು ಆತ್ಮಕಥೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ದಿಲೀಪ್ ಕುಮಾರ್ ಅವರ ಆ ಮೃದು ಕಣ್ಣುಗಳ ಸಲೀಂ ಎಲ್ಲಿ, ಇವನೆಲ್ಲಿ!

ಇದನ್ನು ನಾನಿಮಾಗೆ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅರವತ್ತು ವರ್ಷ ಪ್ರೀತಿಸಿದ ಕಥೆಯನ್ನು ಮೊಮ್ಮಗಳು ಬಂದು ಸುಳ್ಳು ಎಂದರೆ ಹೇಗೆ? ಕೊನೆಗೆ ಹೇಳಿಯೇಬಿಟ್ಟೆ. ಅವರು ಎಲೆ ಅಡಿಕೆ ಮಡಚುತ್ತಾ, “ಅದು ಕಥೆ ಅಂತ ನಮಗೆ ಆಗಲೇ ಗೊತ್ತಿತ್ತು ಬೇಟಾ. ಕಥೆ ಅಂತ ಗೊತ್ತಿದ್ದೇ ಅತ್ತೆವು” ಎಂದರು.

ಆ ಮಾತು ನನಗೆ ತರಗತಿಯಲ್ಲಿ ಉಪಯೋಗಕ್ಕೆ ಬಂತು. ಒಂದು ದಿನ ಬಿಡುವಿನ ಅವಧಿಯಲ್ಲಿ 2018ರ ‘ಪದ್ಮಾವತ್’ ಚಿತ್ರದ ಮೇಲೆ ಜೋರು ಚರ್ಚೆ ನಡೆಯಿತು. ರಣವೀರ್ ಸಿಂಗ್ ಮಾಂಸ ಹರಿದು ತಿನ್ನುವ ಖಿಲ್ಜಿಯಾಗಿ ಕಾಣಿಸುತ್ತಾನಲ್ಲ, ಅದು ಸರಿಯಲ್ಲ ಎಂದು ಹಲವರ ಸಿಟ್ಟು. ಆ ಸಿಟ್ಟಿಗೆ ಕಾರಣವಿದೆ. ಅಲಾವುದ್ದೀನ್ ಚಿತ್ತೋಡಿಗೆ ಮುತ್ತಿಗೆ ಹಾಕಿದ್ದು 1303ರಲ್ಲಿ. ಜೊತೆಯಲ್ಲಿದ್ದ ಅಮೀರ್ ಖುಸ್ರೋ ತನ್ನ ಬರಹದಲ್ಲಿ ಪದ್ಮಿನಿಯ ಹೆಸರು ಹೇಳಿಲ್ಲ. ಅವಳ ಕಥೆಯನ್ನು ಕಾವ್ಯವಾಗಿಸಿದ ಮಲಿಕ್ ಮುಹಮ್ಮದ್ ಜಾಯಸಿ ಬರೆದದ್ದು 1540ರಲ್ಲಿ. ದೆಹಲಿಯಲ್ಲಿ ಗೋಧಿಯ ಬೆಲೆಯನ್ನು ಮಣಕ್ಕೆ 7.5 ಜಿತಲ್ ಎಂದು ಕಟ್ಟುನಿಟ್ಟು ಮಾಡಿದ ಸುಲ್ತಾನ ಆ ಚಿತ್ರದಲ್ಲಿಲ್ಲ.

ಆಗ ನಾನು ಒಂದು ಮಾತು ಕೇಳಿದೆ. ಖಿಲ್ಜಿಗೆ ಹಿಡಿದ ಈ ಅಳತೆಗೋಲನ್ನು ಎರ್ತುಗ್ರುಲ್‌ಗೂ ಹಿಡಿಯುತ್ತೇವಾ? ನಮಗೆ ಇಷ್ಟವಿಲ್ಲದವನನ್ನು ಒಳ್ಳೆಯವನಾಗಿ ತೋರಿಸಿದರೆ ಪುರಾವೆ ಕೇಳುವುದು, ಇಷ್ಟವಾದವನನ್ನು ತೋರಿಸಿದರೆ ಸ್ಟೇಟಸ್‌ಗೆ ಹಾಕುವುದು, ಇದು ಯಾವ ನ್ಯಾಯ? ಅದೇ ಅಲಾವುದ್ದೀನ್ 1296ರಲ್ಲಿ ಸಾಕಿ ಬೆಳೆಸಿದ ಚಿಕ್ಕಪ್ಪನನ್ನು ಕೊಲ್ಲಿಸಿ ಪಟ್ಟಕ್ಕೇರಿದವನು ಎನ್ನುವುದನ್ನೂ ನಾವು ಮರೆಯುವಂತಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ “ನಿನ್ನ ರಾಜ್‌ಕುಮಾರ್‌ಗೂ ಹಿಡಿ ನೋಡೋಣ” ಎಂಬ ಸವಾಲು ಬಂತು.

ಹಿಡಿದು ನೋಡಿದೆ. ರಾಜ್‌ಕುಮಾರ್ ಅವರ ‘ಮಯೂರ’ 1975ರ ಚಿತ್ರ, ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯಿಂದ ಬಂದದ್ದು. ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನದಲ್ಲಿ ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಕತ್ತಿ ಹಿಡಿದದ್ದು ಎಲ್ಲ ಇದೆ. ನನಗೆ ಖುಷಿಯಾಯಿತು. ಆದರೆ ಅಳತೆಗೋಲು ಅಳತೆಗೋಲೇ. ಆ ಶಾಸನವೂ ಮಯೂರನ ಕಾಲದ್ದಲ್ಲ, ಐದನೆಯ ಶತಮಾನದಲ್ಲಿ ಅವನ ವಂಶದ ದೊರೆ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ರಚಿಸಿದ್ದು. ತಮ್ಮ ಮನೆತನದ ಹಿರಿಯನನ್ನು ಯಾರು ತಾನೇ ಕಡಿಮೆ ಮಾಡಿ ಬರೆಸುತ್ತಾರೆ?

ಇಷ್ಟೆಲ್ಲ ಗೊತ್ತಾದ ಮೇಲೆ ನೋಡುವ ಸುಖ ಹೋಯಿತೇ ಎಂದು ಗೆಳತಿ ಕೇಳಿದಳು. ಇಲ್ಲ, ಹಗುರವಾಯಿತು. ಮೊದಲು ಸಲೀಂ ಗೆಲ್ಲಲಿ ಎಂದು ನೋಡುತ್ತಿದ್ದೆ. ಈಗ ಮಾತಿಲ್ಲದೆ ದಿಲೀಪ್ ಕುಮಾರ್ ಅಷ್ಟೊಂದು ಹೇಗೆ ಹೇಳುತ್ತಾರೆ ಎಂದು ನೋಡುತ್ತೇನೆ. ನೌಷಾದ್ ಅವರ ವಾದ್ಯಗಳನ್ನು ಒಂದೊಂದಾಗಿ ಬೇರೆ ಮಾಡಿ ಕೇಳುತ್ತೇನೆ. ಆ ನಟನೆ, ಆ ಸ್ವರ ನಿಜವಾಗಿ ನಡೆದದ್ದು. ಅದಕ್ಕೆ ಬೇರೆ ಪುರಾವೆ ಬೇಕಿಲ್ಲ. ರಾಜರ ವಿಷಯಕ್ಕೆ ಮಾತ್ರ ಬೇಕು.

ಸ್ನೇಹಿತರೇ, ಮುಂದಿನ ಸಲ ಯಾವುದಾದರೂ ಐತಿಹಾಸಿಕ ಚಿತ್ರ ನೋಡಿ ರಕ್ತ ಕುದಿದರೆ, ಅದು ಹೆಮ್ಮೆಯಿಂದಿರಲಿ, ಸಿಟ್ಟಿನಿಂದಿರಲಿ, ಸಹಪಾಠಿಯ ಮೇಲೆ ಹರಿಹಾಯುವ ಮೊದಲು ನಮ್ಮ ಲೈಬ್ರರಿಯ ಇತಿಹಾಸದ ಕಪಾಟಿನ ಕಡೆ ಬನ್ನಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಸಾಮಾನ್ಯವಾಗಿ ಅಲ್ಲೇ ಇರುತ್ತೇನೆ.