ಮೂವರೇ ಬಂದ ತರಗತಿ



ನಮ್ಮ ಭಾನುವಾರ ಶಾಲೆಯ ಕನ್ನಡ ತರಗತಿಗೆ ಈಗ ಬರುವ ಮಕ್ಕಳು ಮೂವರೇ. ಉಳಿದವರಿಗೆ ಟ್ಯೂಷನ್. "ನಿಲ್ಲಿಸಿಬಿಡುವ" ಎಂದು ಯುವಜನ ಸಂಘದ ಕೂಟದಲ್ಲಿ ನಾವೇ ಹೇಳಿದ್ದೆವು. ಅದೇ ವಾರ ಹಿಮಾಲಯದ ಸುವಾರ್ತಾಸೇವೆಯ ಬಗ್ಗೆ ಮಾತಾಡುವ ಸರದಿ ನಮ್ಮದಾಗಿತ್ತು. ಹಾಗಾಗಿ ಓದಿದೆವು.

1853ರಲ್ಲಿ ಹೈಡೆ, ಪಾಗೆಲ್ ಎಂಬ ಇಬ್ಬರು ಮೊರೇವಿಯನ್ ಸೇವಕರು ಮಂಗೋಲಿಯಾಕ್ಕೆಂದು ಹೊರಟರು. ದಾರಿ ಸಿಗಲಿಲ್ಲ. 1856ರಲ್ಲಿ ಲಾಹುಲ್ ಕಣಿವೆಯ ಕೀಲಾಂಗ್‌ನಲ್ಲಿ ನೆಲೆಸಿದರು. ಆಗ ಹಿಮ ಬಿದ್ದರೆ ತಿಂಗಳುಗಟ್ಟಲೆ ಹೊರಗಿನ ದಾರಿಯೇ ಇಲ್ಲದ ಊರಾಗಿತ್ತು ಅದು. ಹೈಡೆ ದಂಪತಿ ಅಲ್ಲಿ ದಶಕಗಳ ಕಾಲ ಸೇವೆ ಮಾಡಿದರು. ಸಭೆಗೆ ಸೇರಿದವರು ಕೆಲವರೇ. ಆದರೆ ಮರಿಯಾ ಹೈಡೆ ಕಲಿಸಿದ ಹೆಣಿಗೆ ಉಳಿಯಿತು, ಲಾಹುಲ್‌ನ ಹೆಂಗಸರು ಇಂದಿಗೂ ಉಣ್ಣೆಯ ಕಾಲುಚೀಲ ಹೆಣೆಯುತ್ತಾರೆ. ಅಲ್ಲಿ ಸೇವೆ ಮಾಡಿದ ಯೇಷ್ಕೆ ಶುರುಮಾಡಿದ ಟಿಬೆಟನ್ ಭಾಷಾಂತರದ ಕೆಲಸ ಮುಂದುವರಿದು, ಪೂರ್ತಿ ಬೈಬಲ್ ಅಚ್ಚಾದದ್ದು 1948ರಲ್ಲಿ. ಆಗ ಯೇಷ್ಕೆಯವರೂ ಇರಲಿಲ್ಲ, ಹೈಡೆಯವರೂ ಇರಲಿಲ್ಲ.

ನಮ್ಮ ಮೂವರಲ್ಲಿ ಒಬ್ಬಳು ಶಾಲೆಯಲ್ಲಿ ಕಲಿಯುವುದು ಮಲಯಾಳ. ಮನೆಯಲ್ಲಿ ಕಣ್ಣು ಕಾಣದ ಅಜ್ಜಿಗೆ ರಾತ್ರಿ ಕನ್ನಡ ಬೈಬಲ್ ಓದಿ ಹೇಳುವವಳು ಅವಳೇ. ಇದು ನಮಗೆ ಗೊತ್ತೇ ಇರಲಿಲ್ಲ, ನಾವು ತಲೆ ಮಾತ್ರ ಎಣಿಸಿದ್ದೆವು.

ಈ ಭಾನುವಾರವೂ ಮೂವರೇ ಬಂದರು. ತರಗತಿ ನಡೆಯಿತು. ಮುಂದಿನ ವಾರವೂ ನಡೆಯುತ್ತದೆ. ನಿಮ್ಮ ಮಕ್ಕಳನ್ನೂ ಕಳುಹಿಸಿಕೊಡಿ.