ಜೋತುಬಿದ್ದ ಬಾಗಿಲು

ಬಾಗಿಲು ಜೋತುಬಿದ್ದುದು ಕಣ್ಣಿಗೆ ಕಾಣುವುದು ಚಿಲಕದ ಕಡೆಯಲ್ಲಿ. ಅದರ ಕಾರಣವಿರುವುದು ಕೀಲಿನ ಕಡೆಯಲ್ಲಿ. ಮರದ ಕದಗಳುಳ್ಳ ಹಳೆಯ ಮನೆಗಳಲ್ಲಿ ಬಾಳಿದವರಿಗೆಲ್ಲ ಇದು ತಿಳಿದ ಸಂಗತಿಯೇ. ತಿರುಗಣಿ ಸವೆದ ಕದವು ಹೊಸ್ತಿಲನ್ನು ಉಜ್ಜತೊಡಗುತ್ತದೆ. ಅಗಳಿಯು ತನ್ನ ರಂಧ್ರವನ್ನು ಸೇರಲೊಲ್ಲದು. ಮನೆಯವರು ಕದವನ್ನು ಒಂದಿಷ್ಟು ಎತ್ತಿ ಹಿಡಿದು ಮುಚ್ಚುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ಬಡಗಿಯನ್ನು ಕರೆಸುವ ಕೆಲಸ ನಾಳೆ ನಾಡಿದ್ದೆಂದು ಮುಂದಕ್ಕೆ ಹೋಗುತ್ತದೆ. ಮನೆಯ ಕದವಾದರೆ ಹೀಗೆ ವರುಷಗಟ್ಟಲೆ ಕಾಲ ತಳ್ಳಬಹುದು. ಓಡುವ ಕಾರಿನ ಬಾಗಿಲಿನ ವಿಷಯದಲ್ಲಿ ಹಾಗೆ ಮಾಡಲಾಗದು. ಅಂತಹ ಒಂದು ಬಾಗಿಲನ್ನು ಸರಿಪಡಿಸಲು ನಾನೂ ನನ್ನ ಮಗಳೂ ಎರಡು ದಿವಸ ದುಡಿದೆವು. ಆ ವೃತ್ತಾಂತವು ಗೃಹಸ್ಥರಾದ ವಾಚಕರಿಗೆ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಮಗಳು ತನ್ನ ಸಂಬಳದಲ್ಲಿ ಉಳಿಸಿದ ಹಣದಿಂದ 1989 ರಲ್ಲಿ ತಯಾರಾದ ಒಂದು ಷೆವ್ರೊಲೆ ಕಮಾರೊ ಕಾರನ್ನು ಕೊಂಡಳು. ವೇಗದ ಓಟಕ್ಕೆ ಹೆಸರಾದ ಈ ಕಾರು ಮೊದಲು ಮಾರುಕಟ್ಟೆಗೆ ಬಂದದ್ದು 1966 ರಲ್ಲಿ. ಇಲ್ಲಿಯ ಲ್ಯಾನ್ಸಿಂಗ್ ಊರಿನ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತದ್ದು 2023 ರ ಡಿಸೆಂಬರಿನಲ್ಲಿ. ಮಗಳ ಕಾರು 1982 ರಿಂದ 1992 ರವರೆಗೆ ನಡೆದ ಮೂರನೆಯ ಪೀಳಿಗೆಯದು. ಅದು ನಮ್ಮ ಮನೆಗೆ ಬರುವ ವೇಳೆಗೆ ಎಷ್ಟೋ ಕೈಗಳನ್ನು ದಾಟಿ ಬಂದಿತ್ತು. ಎಂಜಿನ್ನು ಸೊಗಸಾಗಿ ಓಡುತ್ತಿತ್ತು. ಆದರೆ ಚಾಲಕರು ಕೂರುವ ಎಡಗಡೆಯ ಬಾಗಿಲು ಮಾತ್ರ ಜೋತುಬಿದ್ದಿತ್ತು. ಅದನ್ನು ಎರಡು ಮೂರು ಸಲ ಬಡಿದರೆ ಮುಚ್ಚುವುದು. ಒಮ್ಮೊಮ್ಮೆ ಮುಚ್ಚಿದಂತೆ ತೋರಿ ಅರ್ಧಕ್ಕೇ ನಿಲ್ಲುವುದು.

ಮಗಳು ಇನ್ನು ಎರಡು ವಾರಗಳಲ್ಲಿ ಹೊಸ ಉದ್ಯೋಗಕ್ಕೆಂದು ಷಿಕಾಗೋ ನಗರಕ್ಕೆ ಹೊರಡುವವಳಿದ್ದಳು. ದಾರಿ ಸುಮಾರು 280 ಮೈಲಿ. ಅವಳ ತಾಯಿ ಒಂದು ಸಾಯಂಕಾಲ ಆ ಬಾಗಿಲನ್ನು ತಾನೇ ಮುಚ್ಚಿ ನೋಡಿ, “ಇದು ಸರಿಯಾಗುವ ತನಕ ನೀನು ಈ ಗಾಡಿಯಲ್ಲಿ ಹೊರಡಕೂಡದು. ಸರಿಯಾಗದಿದ್ದರೆ ಮಾರಿಬಿಡು” ಎಂದು ಹೇಳಿ ಒಳಕ್ಕೆ ಹೋದಳು. ಮಗಳು ಅದಕ್ಕೆ ಉತ್ತರ ಕೊಡಲಿಲ್ಲ. ಅವಳ ಕಣ್ಣು ಮಾತ್ರ ತುಂಬಿತು.

ತಾಯಿಯ ಭಯ ನಿರಾಧಾರವಾದುದಲ್ಲ. ಕಾರಿನ ಚಿಲಕಕ್ಕೆ ಎರಡು ಹಿಡಿತಗಳುಂಟು: ಬಾಗಿಲು ಪೂರ್ಣವಾಗಿ ಮುಚ್ಚಿದಾಗ ಬೀಳುವುದು ಒಂದು, ಅದಕ್ಕೆ ಮುಂಚೆ ಬೀಳುವ ಅರೆಹಿಡಿತ ಇನ್ನೊಂದು. ಅರೆಹಿಡಿತದಲ್ಲಿ ನಿಂತ ಬಾಗಿಲಿಗೆ ಪೂರ್ಣ ಹಿಡಿತದ ಬಲವಿಲ್ಲ. ಅಪಘಾತದಲ್ಲಿ ಬಾಗಿಲು ತೆರೆದುಕೊಂಡು ಜನರು ಹೊರಕ್ಕೆ ಎಸೆಯಲ್ಪಡುವುದನ್ನು ತಡೆಯಬೇಕೆಂದೇ ಈ ದೇಶದಲ್ಲಿ ಕಾರಿನ ಚಿಲಕಗಳಿಗೂ ಕೀಲುಗಳಿಗೂ ಇಂತಿಷ್ಟು ಬಲವಿರತಕ್ಕದ್ದೆಂಬ ಸರಕಾರದ ನಿಯಮವು 1968 ರಿಂದ ಜಾರಿಯಲ್ಲಿದೆ. ಪಕ್ಕದಿಂದ ಬರುವ ಹೊಡೆತವನ್ನು ಬಾಗಿಲು ತಡೆದುಕೊಳ್ಳಬೇಕೆಂಬ ನಿಯಮವು 1973 ರಲ್ಲಿ ಬಂದಿತು. ಅಂದಿನಿಂದ ಬಾಗಿಲುಗಳ ಒಡಲಿನಲ್ಲಿ ಉಕ್ಕಿನ ತೊಲೆಯೊಂದು ಅಡಗಿರುತ್ತದೆ. ಕಾಪಾಡುವ ವಸ್ತುವೇ ಹೀಗೆ ಭಾರವನ್ನೂ ಹೆಚ್ಚಿಸುತ್ತದೆ.

ಈ ಬಗೆಯ ಕಾರಿಗೆ ಇರುವುದು ಎರಡೇ ಬಾಗಿಲು. ಹಿಂದಿನ ಆಸನಕ್ಕೂ ಅದೇ ದಾರಿಯಾದುದರಿಂದ ಬಾಗಿಲು ಬಹಳ ಉದ್ದವಾಗಿರುತ್ತದೆ. ನಾವು ಅಳೆದಾಗ ಅದರ ಉದ್ದ 4 ಅಡಿಗೆ ಕಡಮೆಯಿರಲಿಲ್ಲ. ಎರಡು ಕೀಲುಗಳ ನಡುವಣ ಅಂತರ ಸುಮಾರು 1 ಅಡಿ. ಗಾಜು, ಅದನ್ನು ಏರಿಸಿ ಇಳಿಸುವ ಯಂತ್ರ, ಉಕ್ಕಿನ ತೊಲೆ, ಎಲ್ಲದರ ಭಾರವೂ ಈ ಎರಡು ಕೀಲುಗಳಿಂದ ನೇತಾಡುತ್ತದೆ. ಮೇಲಿನ ಕೀಲನ್ನು ಬಾಗಿಲು ಕಂಬದಿಂದ ಆಚೆಗೆ ಎಳೆಯುತ್ತಿರುತ್ತದೆ; ಕೆಳಗಿನದನ್ನು ಕಂಬದ ಕಡೆಗೆ ಒತ್ತುತ್ತಿರುತ್ತದೆ. ಕೀಲಿನಲ್ಲಿ 1 ಮಿಲಿಮೀಟರಿನಷ್ಟು ಸಡಿಲವಾದರೆ ಬಾಗಿಲಿನ ತುದಿ 4 ಮಿಲಿಮೀಟರು ಇಳಿಯುವುದೆಂಬುದು ಸುಲಭವಾದ ಲೆಕ್ಕ. ಇದರ ಮೇಲೆ ಇನ್ನೊಂದು ಕಾರಣವೂ ಸೇರುತ್ತದೆ. ಓಟದ ಕಾರಿನ ಆಸನವು ನೆಲಕ್ಕೆ ಹತ್ತಿರ. ಅದರಿಂದ ಏಳುವವರು ತೆರೆದ ಬಾಗಿಲನ್ನೇ ಊರುಗೋಲಿನಂತೆ ಹಿಡಿದು ಏಳುತ್ತಾರೆ. ಆ ಹೊತ್ತಿನಲ್ಲಿ ಬಾಗಿಲಿನ ಭಾರದೊಡನೆ ಮನುಷ್ಯನ ಭಾರವನ್ನೂ ಕೀಲು ಹೊರಬೇಕಾಗುತ್ತದೆ.

ಊರಿನ ಒಂದು ಗ್ಯಾರೇಜಿನವರು ನೋಡಿ, ಬಾಗಿಲನ್ನೇ ಬದಲಾಯಿಸುವುದು ಲೇಸೆಂದರು. ಅವರು ಹೇಳಿದ ಮೊತ್ತವು ಮಗಳ ಕೈಗೆ ಮೀರಿದ್ದು. ಆಗ ಅವಳು, “ಅಪ್ಪಾ, ಚಿಲಕ ಕಚ್ಚಿಕೊಳ್ಳುವ ಗೂಟವನ್ನು ಒಂದಿಷ್ಟು ಕೆಳಕ್ಕಿಳಿಸಿಬಿಟ್ಟರೆ ಮುಗಿಯಿತಲ್ಲ?” ಎಂದಳು. ಸ್ಟ್ರೈಕರ್ ಎಂಬ ಈ ಗೂಟವು ಹಿಂಬದಿಯ ಕಂಬದಲ್ಲಿರುತ್ತದೆ; ಅದನ್ನು ಸಡಿಲಿಸಿ ಮೇಲೆ ಕೆಳಗೆ ಸರಿಸಬಹುದು. ಕೆಳಕ್ಕಿಳಿಸಿದರೆ ಬಾಗಿಲು ಆ ಗಳಿಗೆಗೆ ಮುಚ್ಚಿಕೊಳ್ಳುವುದು ನಿಜ. ಆದರೆ ಕೀಲು ಸವೆಯುವುದು ನಿಲ್ಲುವುದಿಲ್ಲ. ಬಾಗಿಲು ಮತ್ತೆ ಇಳಿಯುವುದು, ಗೂಟವನ್ನು ಮತ್ತೆ ಇಳಿಸಬೇಕಾಗುವುದು, ಕಡೆಗೆ ಬಾಗಿಲಿನ ಅಂಚು ಹೊಸ್ತಿಲ ಬಣ್ಣವನ್ನು ಕಿತ್ತು ತಗಡನ್ನು ತುಕ್ಕಿಗೆ ಒಪ್ಪಿಸುವುದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಈ ಸೀಮೆಯಲ್ಲಿ ಬಣ್ಣ ಹೋದ ತಗಡಿಗೆ ಆಯುಸ್ಸು ಕಡಮೆ.

ಮೊದಲು ರೋಗವೆಲ್ಲಿದೆಯೆಂದು ನೋಡಿದೆವು. ಮಗಳು ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಎರಡು ಕೈಗಳಿಂದ ಮೆಲ್ಲಗೆ ಎತ್ತಿದಳು. ನಾನು ದೀಪ ಹಿಡಿದು ಕೀಲುಗಳನ್ನು ನೋಡಿದೆನು. ಕೀಲಿನೊಡನೆ ಕಂಬದ ತಗಡೂ ಅಲುಗಿದರೆ ಅಲ್ಲಿ ತುಕ್ಕೋ ಬಿರುಕೋ ಇದೆಯೆಂದು ಅರ್ಥ. ಆಗ ಬೆಸುಗೆಯವರನ್ನೇ ಕಾಣಬೇಕು. ದೇವರ ದಯದಿಂದ ಕಂಬವು ಗಟ್ಟಿಯಾಗಿತ್ತು. ಅಲುಗಿದ್ದು ಕೀಲಿನ ನಡುವೆ ಇರುವ ಪಿನ್ನು ಮಾತ್ರ. ಒಂದೊಂದು ಕೀಲಿನಲ್ಲಿ ಒಂದು ಉಕ್ಕಿನ ಪಿನ್ನು, ಅದರ ಸುತ್ತ ಎರಡು ಕಂಚಿನ ಬುಷ್. ಉಕ್ಕಿನ ಪಿನ್ನು ಉಳಿಯಲೆಂದು ಮೆದುವಾದ ಕಂಚು ತಾನು ಸವೆಯುತ್ತದೆ. ಒಂದು ಬಾಗಿಲಿಗೆ ಬೇಕಾದ 2 ಪಿನ್ನು ಮತ್ತು 4 ಬುಷ್‌ಗಳ ಬೆಲೆ ಕೆಲವೇ ಡಾಲರುಗಳು.

ಕೆಲಸದ ಕ್ರಮ ಹೀಗೆ. ಬಾಗಿಲಿನ ಅಡಿಗೆ ಜಾಕಿಯನ್ನಿಟ್ಟು, ಅದರ ಮೇಲೆ ಹಲಗೆಯನ್ನೂ ಮಡಿಸಿದ ಕಂಬಳಿಯನ್ನೂ ಹಾಕಿ, ಭಾರವೆಲ್ಲ ಅದರ ಮೇಲೆ ಕೂರುವಂತೆ ಏರಿಸಿದೆವು. ಮಡ್‌ಗಾರ್ಡಿನ ಅಂಚಿಗೆ ದಪ್ಪ ಟೇಪು ಅಂಟಿಸಿದೆವು. ಬಾಗಿಲನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸುವ ಸ್ಪ್ರಿಂಗು ಬಹಳ ಬಿಗಿಯಾದುದು. ಜಾರಿದರೆ ಕಣ್ಣನ್ನೇ ತೆಗೆದೀತು. ಅದನ್ನು ಅದಕ್ಕೆಂದೇ ಇರುವ ಉಪಕರಣದಿಂದ ಅದುಮಿ, ಇಬ್ಬರೂ ರಕ್ಷೆಯ ಕನ್ನಡಕ ಧರಿಸಿ ತೆಗೆದೆವು. ಆ ಬಳಿಕ ಒಂದು ಕೀಲು ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದೆವು. ಹೀಗೆ ಮಾಡಿದರೆ ಬಾಗಿಲನ್ನು ಕಳಚಬೇಕಾದುದಿಲ್ಲ, ಒಳಕ್ಕೆ ಹೋಗುವ ತಂತಿಗಳನ್ನೂ ಮುಟ್ಟಬೇಕಾದುದಿಲ್ಲ. ಹಳೆಯ ಪಿನ್ನು ಸುಲಭವಾಗಿ ಹೊರಡಲಿಲ್ಲ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಮರುದಿನ ಮಗಳೇ ಸುತ್ತಿಗೆಯಿಂದ ಮೆಲ್ಲಮೆಲ್ಲನೆ ತಟ್ಟಿ ಹೊರಡಿಸಿದಳು. ಹೊರಬಂದ ಬುಷ್ ಒಂದು ಪಕ್ಕದಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು. ಹೊಸ ಬುಷ್‌ಗಳನ್ನು ಕೂರಿಸಿ, ಗ್ರೀಸು ಸವರಿ, ಹೊಸ ಪಿನ್ನುಗಳನ್ನು ಇಳಿಸಿದೆವು.

ಜಾಕಿಯನ್ನು ತೆಗೆದಾಗ ಬಾಗಿಲು ಇದ್ದಲ್ಲಿಯೇ ನಿಂತಿತು. ಇಸ್ಪೀಟಿನ ಎಲೆಗಳನ್ನು ಒಟ್ಟಾಗಿ ಹಿಡಿದು ಬಾಗಿಲಿನ ಸುತ್ತಲ ಸಂದಿಯಲ್ಲಿ ತೂರಿಸಿ ನೋಡಿದೆವು. ಮೇಲೆಯೂ ಕೆಳಗೆಯೂ ಹೆಚ್ಚುಕಡಮೆ ಅಷ್ಟೇ ಎಲೆಗಳು ಹಿಡಿದವು. ಗೂಟಕ್ಕೆ ಕೈ ಹಚ್ಚಿದ್ದು ಎಲ್ಲದರ ಕಡೆಯಲ್ಲಿ. ಮುಂಚೆ ಇದ್ದ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಕೂದಲೆಳೆಯಷ್ಟು ಸರಿಸಿ ಸರಿಸಿ, ಬಾಗಿಲು ಮುಚ್ಚುವಾಗ ಮೇಲಕ್ಕೂ ಏಳದೆ ಕೆಳಕ್ಕೂ ಕುಸಿಯದೆ ನೇರವಾಗಿ ಹೋಗಿ ಕೂರುವಂತೆ ಮಾಡಿ ಬಿಗಿದೆವು. ಅಂಚಿನ ರಬ್ಬರಿಗೆ ಕಾಗದದ ಚೂರನ್ನು ಸಿಕ್ಕಿಸಿ ಎಳೆದು, ಸುತ್ತಲೂ ಬಿಗಿಯಿದೆಯೆಂದು ಖಚಿತಪಡಿಸಿಕೊಂಡೆವು.

ತಾಯಿಯನ್ನು ಕರೆದುದು ಮಗಳೇ. ಅವಳು ಬಂದು, ಏನೂ ಹೇಳದೆ ಬಾಗಿಲನ್ನು ತೆರೆದು ಕೈಬೆರಳುಗಳಿಂದ ತಳ್ಳಿದಳು. ಅದು ಒಂದೇ ಸದ್ದಿನಲ್ಲಿ ಮುಚ್ಚಿಕೊಂಡಿತು. ಇನ್ನೆರಡು ಸಲ ಹಾಗೆಯೇ ಮಾಡಿ ನೋಡಿದಳು. ಬಳಿಕ ಆ ತಗ್ಗಿನ ಆಸನದಲ್ಲಿ ತಾನೇ ಕುಳಿತು ಚಕ್ರವನ್ನು ಮುಟ್ಟಿ, “ಹೋಗಿ ಬಾ, ಆದರೆ ತಲಪಿದೊಡನೆ ಸುದ್ದಿ ತಿಳಿಸು” ಎಂದಳು. ಏಳುವುದಕ್ಕಾಗಿ ಅವಳ ಕೈ ತೆರೆದ ಬಾಗಿಲಿನ ಕಡೆಗೆ ಚಾಚಿತು. ಮಗಳು ಮುಂದೆ ಬಂದು, “ಬಾಗಿಲನ್ನು ಹಿಡಿಯಬೇಡಮ್ಮ, ನನ್ನ ಕೈ ಹಿಡಿದುಕೋ” ಎಂದು ತಾಯಿಯನ್ನು ಎಬ್ಬಿಸಿದಳು.