ಶಹಾಬಾದ್ ಕಲ್ಲಿಗೆ ನಿಂಬೆರಸ

ಕಲ್ಯಾಣ ಕರ್ನಾಟಕದ ಜವಳಗೇರಾ ಊರಿನ ಸುತ್ತ ತುಂಗಭದ್ರೆಯ ಕಾಲುವೆ ನೀರು ಹರಿದಲ್ಲೆಲ್ಲ ಭತ್ತ. ಭತ್ತ ಇದ್ದಲ್ಲಿ ಗಿರಣಿ, ಗಿರಣಿ ಇದ್ದಲ್ಲಿ ಹೊಟ್ಟು, ಹೊಟ್ಟು ಉರಿದಲ್ಲಿ ಬೂದಿ. 100 ಕಿಲೊ ಹೊಟ್ಟು ಸುಟ್ಟರೆ ಹೆಚ್ಚುಕಡಿಮೆ 20 ಕಿಲೊ ಬೂದಿ ಉಳಿಯುತ್ತದೆ. ಬೂದಿಗೆ ಬರವಿಲ್ಲದ ಇಂಥ ಸೀಮೆಯ ಅಡುಗೆಮನೆಗೂ ಮೊಬೈಲಿನಲ್ಲಿ ಉಪದೇಶ ಬಂದು ಬೀಳುತ್ತದೆ: ರಾಸಾಯನಿಕ ಬಿಡಿ, ವಿನೆಗರ್ ಮತ್ತು ಅಡುಗೆ ಸೋಡಾ ಕಲಸಿ ಬಾಟಲಿಗೆ ತುಂಬಿಡಿ, ಪಾತ್ರೆಯಿಂದ ಪಾಯಖಾನೆಯವರೆಗೆ ಎಲ್ಲಕ್ಕೂ ಅದೊಂದೇ ಸಾಕು. ವಿನೆಗರ್ ರಾಸಾಯನಿಕವಲ್ಲವೆಂದು ಇವರಿಗೆ ಹೇಳಿದವರು ಯಾರೋ! ಅದಿರಲಿ. ನನ್ನ ತಕರಾರು ಆ ‘ಎಲ್ಲಕ್ಕೂ ಅದೊಂದೇ’ ಎಂಬ ಮಾತಿನ ಮೇಲೆ. ಮನೆಯಲ್ಲಿ ಮಾಡಿಕೊಳ್ಳುವ ಶುಚಿಕಾರಕ್ಕೆ ಎಲ್ಲ ಊರಿಗೂ ಸಲ್ಲುವ ಪಾಕ ಎಂಬುದು ಇರಲಾರದು. ಮನೆಯ ಒಲೆ ಯಾವುದು, ಪಾತ್ರೆ ಯಾವ ಲೋಹದ್ದು, ನೆಲ ಯಾವ ಕಲ್ಲಿನದು, ಹೋಗಬೇಕಾದದ್ದು ಜಿಡ್ಡೋ ಕಿಲುಬೋ ಎಂಬುದರ ಮೇಲೆ ಅದು ನಿಲ್ಲುತ್ತದೆ.

ಹಳೆಯ ಪದ್ಧತಿಯನ್ನೇ ನೋಡಿ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಬರುವ ಮೊದಲು ಇದು ಜೋಳ, ಹತ್ತಿಯ ಒಣಬೇಸಾಯದ ನಾಡು. ಒಲೆಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಜಾಲಿ, ಕುಳ್ಳು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ನೀರು ಬಿದ್ದರೆ ಅದು ಕ್ಷಾರ. ಎಣ್ಣೆಯ ಜೊತೆ ಸೇರಿದಾಗ ಪಾತ್ರೆಯ ಮೇಲೆಯೇ ಒಂದಿಷ್ಟು ಸಾಬೂನು ಹುಟ್ಟುತ್ತದೆ, ಜಿಡ್ಡು ಬಿಡುತ್ತದೆ. ಭತ್ತದ ಹೊಟ್ಟಿನ ಬೂದಿಯ ಜಾತಿ ಬೇರೆ. ಅದರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಸಿಲಿಕಾ, ಅಂದರೆ ಮರಳಿನ ಸಂಬಂಧಿ. ಅದು ಉಜ್ಜಿ ತೆಗೆಯುತ್ತದೆಯೇ ಹೊರತು ಜಿಡ್ಡನ್ನು ಅಷ್ಟಾಗಿ ಕರಗಿಸುವುದಿಲ್ಲ. ಬೂದಿ ಬೂದಿಗೂ ಇಷ್ಟು ಅಂತರ. ಇನ್ನು ಹಿತ್ತಾಳೆ ತಂಬಿಗೆ, ತಾಮ್ರದ ಹಂಡೆಗೆ ಹುಣಸೆಹಣ್ಣು: ಅದರ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ, ಚಿಟಿಕೆ ಉಪ್ಪು ಕೆಲಸವನ್ನು ಚುರುಕು ಮಾಡುತ್ತದೆ. ಹುಣಸೆಹಣ್ಣಿನಿಂದ ತಿಕ್ಕಿದ ಮೇಲೆ ಬೂದಿಯಿಂದ ಇನ್ನೊಮ್ಮೆ ತಿಕ್ಕುವುದು ರೂಢಿ. ಉಳಿದ ಹುಳಿಯನ್ನು ಬೂದಿಯ ಕ್ಷಾರ ತಣಿಸದಿದ್ದರೆ ಪಾತ್ರೆ ಬೇಗನೆ ಮಂಕಾಗುತ್ತದೆ. ಮೊದಲು ಹುಳಿ, ಆಮೇಲೆ ಕ್ಷಾರ, ಎರಡೂ ಒಟ್ಟಿಗಲ್ಲ. ಮೊಬೈಲಿನ ಪಾಕ ಇದೇ ಎರಡನ್ನು ಒಂದೇ ಬಾಟಲಿಯಲ್ಲಿ ಕಾದಾಡಲು ಬಿಡುತ್ತದೆ. ನೊರೆ ಉಕ್ಕುತ್ತದೆ, ನೋಡಲು ಭರ್ಜರಿ. ನೊರೆ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಸಪ್ಪೆ ಲವಣದ ನೀರು. ಒರೆಸುವ ಕೆಲಸವನ್ನು ಮಾಡುವುದು ಅರಿವೆ.

ಬಟ್ಟೆಯ ಮಾತಿಗೆ ಬಂದರೆ ಸವಳು ಮಣ್ಣು. ಸೋಡಿಯಂ ಕಾರ್ಬೊನೇಟ್ ಇರುವ ಇಂಥ ಮಣ್ಣೇ ಅಗಸರ ಸಾಬೂನಾಗಿತ್ತು. ಕಾಲುವೆ ಬಂದ ಮೇಲೆ ನೀರು ನಿಂತು ಎಷ್ಟೋ ಹೊಲಗಳು ಸವಳು-ಜವಳಾದವು. ಅಷ್ಟರಲ್ಲಿ ಬಟ್ಟೆ ಸೋಪು, ಸೋಡಾ ಪುಡಿ ಅಂಗಡಿಯಲ್ಲಿ ಸಿಗತೊಡಗಿದ್ದವು. ಬೇಕಾಗಿದ್ದಾಗ ಹುಡುಕಿ ತರುತ್ತಿದ್ದ ಮಣ್ಣು, ಬೇಡವಾದ ಮೇಲೆ ಹೊಲಕ್ಕೇ ಬಂದು ಕೂತಿತು.

ಜಾಹೀರಾತಿಗೆ ಮರುಳಾಗಿ ಜನ ಬೂದಿ ಬಿಟ್ಟರು ಎನ್ನುವುದು ಅರ್ಧ ನಿಜ ಮಾತ್ರ. ಹಿತ್ತಾಳೆಯ ಜಾಗಕ್ಕೆ ಸ್ಟೀಲು ಬಂತು. ಸ್ಟೀಲಿಗೆ ಕಿಲುಬಿಲ್ಲ, ಹುಣಸೆಹಣ್ಣಿಗೆ ಅಲ್ಲಿ ಕೆಲಸವಿಲ್ಲ. ಜರ್ಮನ್ ಪಾತ್ರೆ ಎಂದು ಜನ ಕರೆಯುವ ಅಲ್ಯೂಮಿನಿಯಂ ಬಂತು. ಕ್ಷಾರ ತಾಗಿದರೆ ಅದು ಕಪ್ಪಾಗಿ ಸವೆಯುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು, ಗ್ಯಾಸಿನ ಒಲೆ ಬೂದಿ ಕೊಡುವುದಿಲ್ಲ. ಹಾಗಾದರೆ ಗಿರಣಿಯ ಬೂದಿಯನ್ನೇ ತರಬಹುದಲ್ಲ ಎಂದು ಕೇಳುವವರಿದ್ದಾರೆ. ಬಾಯ್ಲರಿನ ಅತಿ ಶಾಖದಲ್ಲಿ ಬೆಂದ ಹೊಟ್ಟಿನ ಸಿಲಿಕಾ ಹರಳುಗಟ್ಟುತ್ತದೆ. ಆ ನುಣ್ಣನೆಯ ಧೂಳು ದಿನವೂ ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ಕೇಡು. ಪುಕ್ಕಟೆ ಸಿಕ್ಕಿತೆಂದು ಮುಸುರೆ ಕಟ್ಟೆಗೆ ತರುವ ವಸ್ತು ಅದಲ್ಲ.

ಹೊಸ ಉತ್ಸಾಹಿಗಳ ಇನ್ನೊಂದು ಮೆಚ್ಚಿನ ವಸ್ತು ಬಯೋ ಎಂಜೈಮ್. ಬೆಲ್ಲ 1, ನಿಂಬೆ ಅಥವಾ ಕಿತ್ತಳೆ ಸಿಪ್ಪೆ 3, ನೀರು 10 ಪಾಲು. ಮೂರು ತಿಂಗಳು ಹುಳಿಸಬೇಕು. ಇದು ಒಳ್ಳೆಯದೇ. ಬೋರಿನ ಗಡಸು ನೀರು ನಲ್ಲಿಯ ಮೇಲೆ ಬಿಟ್ಟ ಬಿಳಿ ಕಲೆಯನ್ನು ತೆಗೆಯುತ್ತದೆ. ಆದರೆ ಹೆಸರಿನಲ್ಲಿ ಎಂಜೈಮ್ ಇದ್ದರೂ ಆ ಕಲೆ ತೆಗೆಯುವುದು ಹುಳಿಯೇ. ತೊಡಕು ಇರುವುದು ಇಲ್ಲೇ: ಕಲ್ಯಾಣ ಕರ್ನಾಟಕದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲು. ಅದು ಸುಣ್ಣದ ಕಲ್ಲು. ನಲ್ಲಿಯ ಕಲೆಯನ್ನು ಕರಗಿಸುವ ಹುಳಿ ನೆಲವನ್ನೂ ಕರಗಿಸುತ್ತದೆ, ಏಕೆಂದರೆ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ವಿನೆಗರಿನಿಂದ ದಿನಾ ಒರೆಸಿದ ಕಲ್ಲು ನುಣುಪು ಕಳೆದುಕೊಂಡು ಒರಟಾಗುತ್ತದೆ, ಒರಟಾದಲ್ಲಿ ಕೊಳೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಗ್ರಾನೈಟ್ ನೆಲದವರು ಬರೆದ ಸಲಹೆ ಶಹಾಬಾದ್ ನೆಲದವರಿಗೆ ಹೀಗೆ ತಿರುಗುಬಾಣ. ಇಲ್ಲಿಗೆ ಅಂಟವಾಳಕಾಯಿ ನೆನೆಸಿದ ನೀರು ವಾಸಿ. ಅದರ ಸಪೋನಿನ್ ಗಡಸು ನೀರಲ್ಲೂ ಸಾಬೂನಿನಂತೆ ಗಸಿ ಕಟ್ಟುವುದಿಲ್ಲ. ಇದ್ದ ಅಲ್ಪ ಹುಳಿಯೂ ನೀರು ಬೆರೆತಾಗ ತೆಳುವಾಗುತ್ತದೆ.

ಇಂಥ ಮನೆಯ ಶುಚಿಕಾರಗಳಿಂದ ರೋಗಾಣು ಸಾಯುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ: ನಂಬುವಂತಿಲ್ಲ. ವಾಂತಿಭೇದಿ ಕಾಣಿಸಿಕೊಂಡ ಓಣಿಯಲ್ಲಿ ಬ್ಲೀಚಿಂಗ್ ಪೌಡರ್ ಬೇಕು, ನಿಂಬೆಸಿಪ್ಪೆ ಅಲ್ಲ. ಬ್ಲೀಚಿಂಗ್ ಪೌಡರಿಗೆ ವಿನೆಗರ್ ಆಗಲಿ, ಬಚ್ಚಲು ತೊಳೆಯುವ ಆಸಿಡ್ ಆಗಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ದುಡಿಮೆಯದು. ಬೂದಿಯ ಕ್ಷಾರ ಪಾತ್ರೆಯ ಎಣ್ಣೆಯ ಜೊತೆ ಕೈಯ ಎಣ್ಣೆಯನ್ನೂ ತೆಗೆಯುತ್ತದೆ. ಬೆರಳ ಸಂದಿ ಬಿರಿಯುತ್ತದೆ. ಹಳೆಯ ಪದ್ಧತಿಯ ಗುಣಗಾನ ಮಾಡುವವರಲ್ಲಿ ಮುಸುರೆ ತಿಕ್ಕಿದವರು ಎಷ್ಟು ಮಂದಿಯೋ. ಈ ಆಕ್ಷೇಪಣೆಗೆ ನನ್ನಲ್ಲಿ ಮರುವಾದವಿಲ್ಲ. ಆದ್ದರಿಂದಲೇ ದಿನದ ಸ್ಟೀಲು ತಟ್ಟೆಗೆ ಅಂಗಡಿಯ ಸೋಪು ಇರಲಿ ಎನ್ನುತ್ತೇನೆ. ಹುಣಸೆಹಣ್ಣು ಹಬ್ಬದ ಹಿತ್ತಾಳೆಗೆ ಸಾಕು. ಹಂಡೆಯನ್ನೂ ಬೂದಿಯಿಂದಲೇ ಬೆಳಗಬೇಕೆಂಬ ಹಟವಿರುವ ಯಜಮಾನರು ತೋಳು ಮಡಚಿ ಬಚ್ಚಲಿಗೆ ಇಳಿಯಲಿ; ಯಾರದೂ ಅಡ್ಡಿಯಿಲ್ಲ.